ಹೆಣ ಹೊತ್ತ ದೋಣಿ

ಬೇಲೆಕೇರಿಯ ಮಂಗೇಶ ಹರಿಕಂತ್ರ ಸಿನೆಮಾದಲ್ಲಿ ಕಳ್ಳನಾಗಿ ಒದೆ ತಿಂದ, ಹಾಸ್ಯ ಧಾರಾವಾಹಿಯಲ್ಲಿ ಕುಡುಕನಾದ, ಪೌರಾಣಿಕದಲ್ಲಿ ಈಟಿ ಹಿಡಿದು ನಿಂತ. ಎಲ್ಲಿಯೂ ಅವನಿಗೆ ಮಾತಿರಲಿಲ್ಲ. ಪಾತ್ರ ಸಿಗದ ತಿಂಗಳುಗಳಲ್ಲಿ ಅಣ್ಣ ತುಳಸಿದಾಸನ ದೋಣಿಯೇ ಅವನಿಗೆ ಅನ್ನ ಹಾಕುತ್ತಿತ್ತು.

೨೦೦೬ರಲ್ಲಿ ಧಾರಾವಾಹಿಯೊಂದರ ಚಿತ್ರೀಕರಣ ಊರಿನ ಕಡಲ ದಂಡೆಗೇ ಬಂತು. ಮುಳುಗಿ ಸತ್ತ ಮೀನುಗಾರನ ಪಾತ್ರ ಮಂಗೇಶನದು. ಅಣ್ಣ ಅಂಕೋಲಾ ಪೇಟೆಗೆ ಹೋಗಿದ್ದಾಗ, ಅವನನ್ನು ಕೇಳದೆ ಮಂಗೇಶ ಆ ದೋಣಿಯನ್ನೇ ಕೊಟ್ಟು, ಕೊರಳಿಗೆ ಹೂಮಾಲೆ ಹಾಕಿಸಿಕೊಂಡು ಅದರಲ್ಲಿ ಹೆಣವಾಗಿ ಮಲಗಿದ.

ಆಮೇಲೆ ವಾರವಿಡೀ ಬಲೆ ಖಾಲಿ ಬಂತು. ಬೇರೆ ಕಾರಣ ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ಹೆಣ ಹೊತ್ತ ದೋಣಿ ಅಪಶಕುನವೆಂದು ಜೊತೆಗಾರರು ಅದನ್ನು ಹತ್ತಲು ಒಪ್ಪಲಿಲ್ಲ.

"ನಾ ಸತ್ತಿದ್ದು ಸುಳ್ಳಲ್ವಾ ದಾದಾ?" ಎಂದು ಮಂಗೇಶ ಅಣ್ಣನನ್ನು ಕೇಳಿದ.

"ನೀ ಸತ್ತಿದ್ದು ಸುಳ್ಳು. ದೋಣಿ ಖರೇದು ಮಾರಾಯಾ. ಪೂಜೆ ಮಾಡ್ಸಿ ಶುದ್ಧ ಮಾಡ್ತೆ. ನೀ ಮಾತ್ರ ಇನ್ನು ಇದ್ನ ಮುಟ್ಬೇಡ."

ಆ ದೃಶ್ಯ ಬಂದ ಸಂಜೆ ಮಂಗೇಶ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಟಿ.ವಿ. ನೋಡಿದ. ಹೆಣದ ಮುಖಕ್ಕೆ ಬಟ್ಟೆ ಮುಚ್ಚಿದ್ದರು. ದೋಣಿ ಮಾತ್ರ, ಬದಿಗೆ ಬರೆದ ಹೆಸರಿನ ಸಮೇತ, ಸ್ಪಷ್ಟವಾಗಿ ಕಾಣುತ್ತಿತ್ತು.