ನಾಲ್ಕು ಬೆರಳಿನ ಸಂದು

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯ ಪಕ್ಕ, ಹುಣಸೆಮರದ ಕೆಳಗೆ ಬೆಂಕಿ ಉರಿಯುತ್ತಿದೆ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬೆರಣಿಯ ಕೆಂಡದ ನಡುವೆ ಗಾಡಿ ಚಕ್ರದ ಕಬ್ಬಿಣದ ಪಟ್ಟಿಯೊಂದು ಕೆಂಪಗೆ ಕಾಯುತ್ತಿದೆ. ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ ಕಲ್ಲೇಶಪ್ಪನವರ ಕಣ್ಣು ಬೆಂಕಿಯ ಮೇಲಿರಬೇಕಿತ್ತು, ಆದರೆ ಅದು ರಸ್ತೆಯ ತಿರುವಿನ ಮೇಲಿದೆ. ಐವತ್ತೆರಡು ವರ್ಷದ ಈ ಮನುಷ್ಯ ನಿನ್ನೆ ಮಧ್ಯಾಹ್ನದಿಂದ ಬಾಯಿಗೆ ಒಂದು ತುತ್ತೂ ಹಾಕಿಲ್ಲವೆಂದು ಹೆಂಡತಿ ತೀರ್ಥಮ್ಮ ದೂರುತ್ತಾರೆ.

ಇದಕ್ಕೆಲ್ಲ ಕಾರಣ ಒಂದು ಮೋಟಾರು ಕಾರು. ತರೀಕೆರೆಯ ಕೊಬ್ಬರಿ ವ್ಯಾಪಾರಿ ಸೋಮಶೇಖರಪ್ಪನವರ ಇಬ್ಬರು ಕೂರುವ ಓಟದ ಕಾರು ಇವತ್ತು ಬೆಳಿಗ್ಗೆ ಈ ದಾರಿಯಲ್ಲಿ ಚೌಳಹಿರಿಯೂರಿಗೆ ಹೋಗುವುದಿದೆ. ಅದರ ಚಕ್ರ, ಟೈರುಗಳ ಅಳತೆ ಆರಿಸಿಕೊಟ್ಟವರು ಕಲ್ಲೇಶಪ್ಪನವರೇ. ಆ ಅಳತೆ ತಪ್ಪಿದೆ ಎಂಬುದು ಅವರಿಗೆ ಗೊತ್ತಾಗಿದ್ದು ನಿನ್ನೆ. ಕಾರಿನಲ್ಲಿ ಬರುವವರಿಗೆ ಅದನ್ನು ತಿಳಿಸಬೇಕು.

ತರೀಕೆರೆಗೆ ಹೊರಟಿದ್ದ ಗಾಡಿಯವನೊಬ್ಬನ ಕೈಲಿ ನಿನ್ನೆಯೇ ಸುದ್ದಿ ಕಳಿಸಿದ್ದಾರೆ. ಅದು ಮುಟ್ಟಿತೋ ಇಲ್ಲವೋ ತಿಳಿಯದು. ತಂತಿ ಕೊಡಬಹುದಿತ್ತಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. ತಂತಿಯವನು ಬಾಗಿಲಿಗೆ ಬಂದರೆ ಯಾರೋ ಸತ್ತರೆಂದೇ ಲೆಕ್ಕ, ಸೋಮಶೇಖರಪ್ಪನವರ ತಾಯಿ ಎದೆ ಒಡೆದುಕೊಂಡಾರು ಎಂಬ ಭಯ ಅವರಿಗೆ. ಅಜ್ಜಂಪುರದವರೆಗೆ ರಸ್ತೆಯೆಲ್ಲ ಕೊರಕಲು, ಕಾರು ನಿಧಾನವಾಗಿಯೇ ಬರಬೇಕು. ಊರು ದಾಟಿದ ಮೇಲೆ ದಾರಿ ನೆಟ್ಟಗಾಗುತ್ತದೆ. ಸೋಮಶೇಖರಪ್ಪ ಕಾಲು ಒತ್ತುವುದು ಅಲ್ಲಿಂದ ಮುಂದೆ. ಹಾಗಾಗಿ ಇಲ್ಲೇ ತಡೆಯಬೇಕೆಂದು ಕಲ್ಲೇಶಪ್ಪ ರಸ್ತೆ ಕಾಯುತ್ತಿದ್ದಾರೆ.

ಈ ಸೀಮೆಯ ಗಾಡಿಗಳು ಯಾರ ಕೈ ದಾಟಿ ಬಂದಿವೆ ಎಂದು ಕೇಳಿದರೆ ಎತ್ತಿನ ಹೆಸರು ಹೇಳುವವರು ಸಿಗುತ್ತಾರೆ, ಪಟ್ಟಿ ಹಾಕಿದವರ ಹೆಸರು ಹೇಳುವವರು ಸಿಗುವುದಿಲ್ಲ. ಕಲ್ಲೇಶಪ್ಪನವರದು ಒಕ್ಕಲು ಮನೆತನ. ಹೊಲದ ಹುಟ್ಟುವಳಿ ಅಣ್ಣನ ಸಂಸಾರಕ್ಕೇ ಸರಿಹೋಗುತ್ತಿದ್ದುದರಿಂದ ಇವರು ಅಮೃತಾಪುರದ ಆಚಾರಿಯೊಬ್ಬರ ಬಳಿ ಸೇರಿ ಈ ಕೆಲಸ ಕಲಿತರು. ಅದಕ್ಕೀಗ ಮೂವತ್ತೊಂದು ವರ್ಷ. ದಿನಕ್ಕೆ ಮೂರು ಚಕ್ರ, ಬಿತ್ತನೆಗೆ ಮುಂಚೆ ಐದು. ಒಂದೊಂದು ಚಕ್ರಕ್ಕೂ ನೂರಕ್ಕೆ ಕಡಿಮೆಯಿಲ್ಲದಂತೆ ಬೆರಣಿ, ಎಂಟು ಕೊಡ ನೀರು. ಎಡಗೈಯ ಎರಡು ಬೆರಳಿಗೆ ಉಗುರೇ ಇಲ್ಲ.

ಪಟ್ಟಿಯನ್ನು ಚಕ್ರಕ್ಕಿಂತ ಒಂದು ಬೆರಳು ಚಿಕ್ಕದಾಗಿಯೇ ಮಾಡುತ್ತಾರೆ. ಕಾದಾಗ ಅದು ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ, ನೀರು ಬಿದ್ದೊಡನೆ ಬಿಗಿಯುತ್ತದೆ. "ಒಂದ್ ಬೆರಳು ಅಂದ್ರೆ ಒಂದೇ ಬೆರಳು. ಹೆಚ್ಚಾದ್ರೆ ಮರ ಸೀಳ್ತದೆ, ಕಡಿಮೆ ಆದ್ರೆ ದಾರೀಲಿ ಕಳಚ್ಕೊಳ್ತದೆ" ಎನ್ನುತ್ತಾರೆ. ಇಂಚಿನ ಲೆಕ್ಕ ಅವರಿಗೆ ಬೇಕಾಗಿರಲಿಲ್ಲ. ಅದು ಬಂದದ್ದು ಕಾರಿನ ಜೊತೆಗೇ.

ಸೋಮಶೇಖರಪ್ಪ ಹೋದ ದೀಪಾವಳಿಗೆ ಬೆಂಗಳೂರಿನಿಂದ ತಂದ ಕಾರು ಊರಿನವರ ಕಣ್ಣಿಗೆ ಹಬ್ಬ. ಆದರೆ ನೆಲಕ್ಕೆ ತೀರಾ ಹತ್ತಿರ. ಅಮೃತಾಪುರದ ದಾರಿಯಲ್ಲಿ ಕಲ್ಲು ತಗುಲಿ ಹೊಟ್ಟೆಯ ತಗಡು ನಜ್ಜುಗುಜ್ಜಾಯಿತು. ಅದನ್ನು ಬಡಿದು ನೆಟ್ಟಗೆ ಮಾಡಲು ಕರೆದದ್ದು ಕಲ್ಲೇಶಪ್ಪನವರನ್ನು. ಚಕ್ರ ಎತ್ತರಿಸದೆ ಬೇರೆ ದಾರಿಯಿಲ್ಲ ಎಂದು ಅವರು ಹೇಳಿದಾಗ, ಸೋಮಶೇಖರಪ್ಪ ಕಂಪನಿಯವರ ಟೈರುಗಳ ಅಳತೆ ಬರೆದ ಕಾಗದ ಮುಂದಿಟ್ಟರು. ಪ್ರತಿಯೊಂದು ಟೈರಿಗೂ ಎರಡು ಅಂಕಿ: ಎತ್ತರ ಒಂದು, ದಪ್ಪ ಒಂದು. ಹಳೆಯದು ಇಪ್ಪತ್ತೇಳು ಇಂಚು ಎತ್ತರ. ಸೋಮಶೇಖರಪ್ಪನವರ ಮನಸ್ಸು ಎಲ್ಲಕ್ಕಿಂತ ದಪ್ಪನೆಯದರ ಮೇಲಿತ್ತು, ನೋಡಲು ಗತ್ತಾಗಿರುತ್ತದೆಂದು.

ಕಲ್ಲೇಶಪ್ಪ ಒಪ್ಪಲಿಲ್ಲ. ದಪ್ಪ ಟೈರು ತಿರುವಿನಲ್ಲಿ ಮುಂದಿನ ಚಕ್ರ ಹೊರಳಿಸುವ ಸಲಾಕೆಗೆ ತಗಲುತ್ತದೆ, ಎರೆಮಣ್ಣನ್ನೆಲ್ಲ ಮೈಗೆ ಮೆತ್ತಿಕೊಳ್ಳುತ್ತದೆ ಎಂದು ತಿಳಿಸಿ ಹೇಳಿದರು. ಇಪ್ಪತ್ತೊಂಬತ್ತು ಇಂಚಿನ ಎತ್ತರದ, ಹಳೆಯದರಷ್ಟೇ ದಪ್ಪದ ಟೈರು, ಅದಕ್ಕೆ ತಕ್ಕ ದೊಡ್ಡ ಚಕ್ರ ತರಿಸಿದರು. ಬಂದ ಮೇಲೆ ಹಳೆಯದನ್ನೂ ಹೊಸದನ್ನೂ ನೆಲದ ಮೇಲೆ ಒಂದೊಂದು ಸುತ್ತು ಉರುಳಿಸಿ ಗೆರೆ ಎಳೆದು, ಇನ್ನು ಮೇಲೆ ವೇಗದ ಮುಳ್ಳು ನಲವತ್ತು ತೋರಿಸಿದರೆ ಕಾರು ನಲವತ್ತಮೂರರಲ್ಲಿ ಓಡುತ್ತಿರುತ್ತದೆ, ಮುಳ್ಳನ್ನು ನಂಬಬೇಡಿ ಎಂದು ಎಚ್ಚರಿಸಿದ್ದೂ ಅವರೇ. ಕೊನೆಗೆ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದರು. ನಾಲ್ಕು ಬೆರಳಿನ ಸಂದು. ಸಾಕು ಅಂದರು.

ಕಾರು ಖಾಲಿಯಿತ್ತು. ಎಡವಟ್ಟಾದದ್ದು ಅಲ್ಲೇ.

"ಎತ್ತಿನ ಗಾಡೀಗೆ ಸ್ಪ್ರಿಂಗ್ ಎಲ್ಲೈತೆ ಹೇಳಿ. ಎಷ್ಟ್ ಮೂಟೆ ಹೇರಿದ್ರೂ ಚಕ್ರಕ್ಕೂ ಗಾಡಿಗೂ ಇರೋ ಸಂದು ಅಷ್ಟೇ ಇರ್ತದೆ. ಮೂವತ್ತೊಂದು ವರ್ಷ ಅದನ್ನೇ ನೋಡಿದ್ ಕಣ್ಣು ನಂದು" ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಒಂದು ವಾರ ಸೋಮಶೇಖರಪ್ಪ ಒಬ್ಬರೇ ಓಡಿಸಿದ್ದರಿಂದ ಏನೂ ಆಗಲಿಲ್ಲ. ನಿನ್ನೆ ಮಧ್ಯಾಹ್ನ ಜಟಕಾ ಬೀರಪ್ಪ ನೀರು ಕುಡಿಯಲು ಇಲ್ಲಿ ನಿಂತಿದ್ದಾಗ, ಮೂವರು ಹೆಂಗಸರು ಹಿಂದಿನಿಂದ ಹತ್ತಿ ಕೂತರು. ಜಟಕಾದ ಪೆಟ್ಟಿಗೆ ಸ್ಪ್ರಿಂಗಿನ ಮೇಲೆ ಜಗ್ಗನೆ ಕುಸಿಯಿತು. ಭಾರಕ್ಕೆ ಕಾರೂ ಹೀಗೇ ಕುಸಿದು, ಟೈರು ಮಡ್‌ಗಾರ್ಡಿಗೆ ಉಜ್ಜಿ ಒಡೆದೀತೆಂದು ಹೊಳೆದದ್ದೇ ಕಲ್ಲೇಶಪ್ಪನವರ ಕೈಯ ಮುದ್ದೆ ತಟ್ಟೆಯಲ್ಲೇ ಉಳಿಯಿತು. ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಸೋಮಶೇಖರಪ್ಪನವರ ತಾಯಿ ದಾಕ್ಷಾಯಣಮ್ಮನವರು ಮಗನ ಪಕ್ಕದಲ್ಲಿ ಕೂತು, ಹಿಂದೆ ಎರಡು ಮೂಟೆ ತೆಂಗಿನಕಾಯಿ ಹೇರಿಕೊಂಡು ಹೊರಡುವುದು ಇವತ್ತೇ ಎಂದು ಅವರಿಗೆ ಗೊತ್ತಿತ್ತು.

ತಿರುವಿನಲ್ಲಿ ಸದ್ದು ಕೇಳುತ್ತದೆ. ಕಲ್ಲೇಶಪ್ಪ ಬೆಂಕಿ ಬಿಟ್ಟು ಎದ್ದು ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಲ್ಲುತ್ತಾರೆ. ಕಾರು ಒಂದು ಮಾರು ದೂರದಲ್ಲಿ ನಿಲ್ಲುತ್ತದೆ. ಸೋಮಶೇಖರಪ್ಪನವರ ಮುಖ ಕೆಂಪೇರಿದೆ, ಸುದ್ದಿ ಮುಟ್ಟಿಲ್ಲವೆಂಬುದು ಅದರಲ್ಲೇ ತಿಳಿಯುತ್ತದೆ. ಯಾರೂ ಇಳಿಯಬೇಡಿ ಎಂದು ಬೇಡಿಕೊಂಡು ಕಲ್ಲೇಶಪ್ಪ ಹಿಂದಿನ ಎಡಚಕ್ರದ ಬಳಿ ಕೂರುತ್ತಾರೆ. ಒಂದು ಬೆರಳೂ ತೂರುವುದಿಲ್ಲ. ಮಡ್‌ಗಾರ್ಡಿನ ಒಳಗೆ ರಬ್ಬರಿನ ಕಪ್ಪು ಮೆತ್ತಿದೆ. ಟೈರಿನ ಮೈಮೇಲೆ ಸುತ್ತಲೂ ಒಂದು ಗೀರು ಬಿದ್ದಿದೆ, ಕೈ ಇಟ್ಟರೆ ಸುಡುತ್ತದೆ.

ಚಕ್ರಕ್ಕೆ ಪಟ್ಟಿ ಹಾಕಿಸಲು ಬಂದವರು, ನೀರಿಗೆ ಹೊರಟವರು, ಹತ್ತಾರು ಜನ ಅಷ್ಟರಲ್ಲಿ ಸೇರಿದ್ದಾರೆ. ಅವರೆಲ್ಲರ ಎದುರಿಗೇ ಕಲ್ಲೇಶಪ್ಪ ಹೇಳುತ್ತಾರೆ: "ತಪ್ಪು ನಂದು ಕಣ್ರೀ ಯಜಮಾನ್ರೇ. ಖಾಲಿ ಕಾರು ಅಳೆದ್ಬಿಟ್ಟೆ."

ಇನ್ನುಳಿದದ್ದು ಹನ್ನೆರಡು ಮೈಲಿ, ನಿಧಾನವಾಗಿ ಹೋದರಾಯಿತು ಎಂಬುದು ಸೋಮಶೇಖರಪ್ಪನವರ ವಾದ. ಕಲ್ಲೇಶಪ್ಪ ಆಗಲೇ ಗುಡಿಸಲಿನಲ್ಲಿ ಬಿಚ್ಚಿಟ್ಟಿದ್ದ ಕಾರಿನ ಹಳೆಯ ನಾಲ್ಕು ಚಕ್ರಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬರುತ್ತಿದ್ದಾರೆ. "ಬೈರಿ, ಬೇಕಾದ್ರೆ ಹೊಡೀರಿ. ಈ ಚಕ್ರದ ಮೇಲೆ ಅವ್ವಾರನ್ನ ಕಳ್ಸಲ್ಲ." ಸುತ್ತಿಗೆ ತೆಗೆದುಕೊಂಡು ಹಿಂದಿನ ಚಕ್ರದ ಪಕ್ಕ ಕೂರುತ್ತಾರೆ.

ಕಾರಿನಲ್ಲಿ ಕೂತಿದ್ದ ದಾಕ್ಷಾಯಣಮ್ಮನವರು ಸೆರಗು ಸರಿಮಾಡಿಕೊಳ್ಳುತ್ತಾರೆ. "ನನ್ ತೂಕ ಕೇಳ್ದೆ ಅಳತೆ ಹಾಕಿದ್ದೀಯ ಕಣೋ ಕಲ್ಲೇಶಪ್ಪ. ಈಗ ಕೂತೀನಿ, ನೆಟ್ಟಗೆ ಅಳ್ಕೋ."

ಜನ ನಗುತ್ತಾರೆ, ಸೋಮಶೇಖರಪ್ಪನವರ ಮುಖವೂ ಸಡಿಲವಾಗುತ್ತದೆ. ತಾಯಿ, ಮಗ, ಕಾಯಿಮೂಟೆ ಎಲ್ಲ ಇದ್ದಂತೆಯೇ ಕಲ್ಲೇಶಪ್ಪ ಇನ್ನೊಮ್ಮೆ ಅಳೆಯುತ್ತಾರೆ. ಇಪ್ಪತ್ತೆಂಟು ಇಂಚಿನ ಟೈರು ತರಿಸಿದರೆ ಸಾಕು, ಅದೂ ಹಳೆಯ ಚಕ್ರಕ್ಕೇ ಕೂರುವಂಥದ್ದು ಎಂದು ತೀರ್ಮಾನವಾಗುತ್ತದೆ. ಸದ್ಯಕ್ಕೆ ಹಳೆಯ ಚಕ್ರಗಳೇ ಗತಿ. ಹೊಟ್ಟೆ ನೆಲಕ್ಕೆ ತಾಗದಿರಲೆಂದು ಮೂಟೆಗಳನ್ನು ಅಷ್ಟರಲ್ಲಿ ಬಂದ ಬೀರಪ್ಪನ ಜಟಕಾಕ್ಕೆ ಹಾಕಿ ಹಿಂದೆಯೇ ಕಳಿಸುತ್ತಾರೆ. ಕಾರು ಕಣ್ಮರೆಯಾದ ಮೇಲೂ ಕಲ್ಲೇಶಪ್ಪ ಅಲ್ಲೇ ನಿಂತಿರುತ್ತಾರೆ. ಬೆಂಕಿ ಆರಿದೆ, ಪಟ್ಟಿ ತಣ್ಣಗಾಗಿದೆ. ಮತ್ತೆ ನೂರು ಬೆರಣಿ ಒಟ್ಟುತ್ತಾರೆ.

ಆ ದಿನ ಎರಡೇ ಚಕ್ರ ಮುಗಿಯುತ್ತವೆ. ಚೌಳಹಿರಿಯೂರಿನ ಕಡೆಯಿಂದ ಬಂದ ಗಾಡಿಯವರನ್ನೆಲ್ಲ ತಡೆದು ಕಾರು ನೋಡಿದಿರಾ ಎಂದು ಕೇಳುತ್ತಾರೆ. ತೀರ್ಥಮ್ಮ ಎರಡು ಸಲ ಬಡಿಸಿಟ್ಟು ಎರಡು ಸಲವೂ ಎತ್ತಿಡುತ್ತಾರೆ. ಹೊತ್ತು ಮುಳುಗುವ ಮುಂಚೆ ಬೀರಪ್ಪ ಬಂದು, ಅಮ್ಮನವರು ಸುಖವಾಗಿ ಮುಟ್ಟಿದರೆಂದು ಹೇಳಿ ತೊಟ್ಟಿಲ ಶಾಸ್ತ್ರದ ಕಡಲೆ ಕೊಬ್ಬರಿಯ ಪೊಟ್ಟಣ ಕೈಗಿಡುತ್ತಾನೆ. ಕಲ್ಲೇಶಪ್ಪ ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುತ್ತಾರೆ.

ಮುಂದೇನು ಆಸೆಯಿದೆ ಎಂದು ಕೇಳಿದರೆ ಮುದ್ದೆ ಮುರಿಯುತ್ತಲೇ ಹೇಳುತ್ತಾರೆ: "ಆಸೆ ಏನೈತೆ. ನಾನ್ ಕಟ್ಟಿದ್ ಚಕ್ರದ ಮೇಲೆ ಹೋದೋರು ಮನೆ ಸೇರಿದ್ರು ಅಂತ ಯಾರಾದ್ರೂ ಬಂದು ಒಂದ್ ಮಾತು ಹೇಳ್ಬೇಕು ಅನ್ನೋದು. ಮೂವತ್ತೊಂದು ವರ್ಷಕ್ಕೆ ಇವತ್ತು ಒಬ್ಬ ಬಂದು ಹೇಳ್ದ."