ಹುಣಸೆಮರದ ಏರು ಮತ್ತು ಅಪ್ಪನ ತಪ್ಪು ದಾರಿ

“ಆಂಟಿ, ನೀವು ಆ ಏರನ್ನ ಯಾವ ಕಡೆಯಿಂದ ಹತ್ತಿದ್ರಿ?”

ಹೋದ ಭಾನುವಾರ ಬೆಳಿಗ್ಗೆ ಲಿಫ್ಟಿನ ಮುಂದೆ ನಿಂತು ಸುಷ್ಮಾ ಕೇಳಿದ ಪ್ರಶ್ನೆ ಇದು. ವಾರವಾಗುತ್ತ ಬಂತು, ನಾನು ಇನ್ನೂ ಸುಧಾರಿಸಿಕೊಂಡಿಲ್ಲ.

ಸುಷ್ಮಾ ನಮ್ಮ ಎದುರು ಫ್ಲಾಟಿನ ಹುಡುಗಿ. ವಾರವಿಡೀ ಬ್ಯಾಂಕು, ಭಾನುವಾರ ಸೈಕಲ್ಲು. ಹೆಲ್ಮೆಟ್, ಗ್ಲೌಸ್, ಕೂಲಿಂಗ್ ಗ್ಲಾಸ್ ಏರಿಸಿಕೊಂಡು ತನ್ನ ಗ್ರೂಪಿನ ಜೊತೆ ಹೊರಟರೆ, ಕನಕಪುರ ರಸ್ತೆಯಾಚೆಯ ಗುಡ್ಡಗಳನ್ನೆಲ್ಲ ಸುತ್ತಿ, ನನ್ನ ಎರಡನೇ ಕಾಫಿಯ ಹೊತ್ತಿಗೆ ವಾಪಸ್. ಆ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಲಿಫ್ಟಿಗೆ ಬರುತ್ತಾಳೆ. (ನಮ್ಮ ಕಾಲದ ಸೈಕಲ್ಲನ್ನು ಹಾಗೆ ಎತ್ತಿದ್ದರೆ ಸೊಂಟಕ್ಕೆ ಮೂರು ದಿನ ಎಣ್ಣೆ ತಿಕ್ಕಬೇಕಾಗುತ್ತಿತ್ತು.)

ಇಂಥವಳ ಮುಂದೆ ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. “ನಾವೂ ಹತ್ತಿದ್ದೀವಮ್ಮ, ಗೇರಿಲ್ಲದ ಸೈಕಲ್ಲಲ್ಲಿ, ಹುಣಸೆಮರದ ಏರನ್ನ, ಒಂದು ಸಲಾನೂ ಕಾಲೂರದೆ” ಎಂದು ಕೊಚ್ಚಿಕೊಂಡಿದ್ದೆ. ಈ ಅಂಕಣದ ಹಳೆಯ ಓದುಗರಿಗೆ ಈ ಕಥೆ ಬಾಯಿಪಾಠವೇ ಆಗಿರಬೇಕು. ಎಷ್ಟು ಸಲ ಬರೆದಿದ್ದೇನೋ, ನನಗೇ ನೆನಪಿಲ್ಲ.

ಹೊಸಬರಿಗಾಗಿ ಇನ್ನೊಂದು ಸಲ ಹೇಳುತ್ತೇನೆ. ಹಳಬರು ಸಹಿಸಿಕೊಳ್ಳಿ, ಈ ಸಲ ಕೊನೆ ಬೇರೆ ಇದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಮ್ಮ ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ರಾಗಿಗುಡ್ಡದ ಹತ್ತಿರ. ಬನಶಂಕರಿ ದೇವಸ್ಥಾನ ದಾಟಿದರೆ ಊರು ಮುಗಿಯಿತು ಅಂತಲೇ ನಮ್ಮ ಲೆಕ್ಕ. ಅಲ್ಲಿಂದಾಚೆ ರಾಗಿ ಹೊಲ, ಅವರೆ ಹೊಲ, ಕೆರೆ, ತೋಪು, ದೂರದಲ್ಲಿ ಬಂಡೆಗುಡ್ಡಗಳ ಸಾಲು. ಇವತ್ತು ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಲ್ಲುವ ಜಾಗದಲ್ಲಿ ಅವತ್ತು ನಾವು ಹ್ಯಾಂಡಲ್ ಬಿಟ್ಟು ಸೈಕಲ್ ಹೊಡೆಯುತ್ತಿದ್ದೆವು ಅಂದರೆ ನಂಬುತ್ತೀರಾ?

ಅಪ್ಪ ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದರು. ಅಂದರೆ, ಇಂಜಿನಿಯರುಗಳು ಅಳೆದು ತಂದ ರಸ್ತೆಗಳನ್ನು, ಅವುಗಳ ಏರು-ಇಳಿವುಗಳನ್ನು, ತೆಳ್ಳನೆಯ ಕಾಗದದ ಮೇಲೆ ಇಂಕಿನಲ್ಲಿ ಬರೆಯುವ ಕೆಲಸ. ವಾರವಿಡೀ ರಸ್ತೆ ಬರೆದದ್ದು ಸಾಲದೆಂದು ಭಾನುವಾರ ಅದೇ ರಸ್ತೆಗಳ ಮೇಲೆ ಸೈಕಲ್ ತುಳಿಯುತ್ತಿದ್ದರು. ಜೊತೆಗೆ ನನಗಿಂತ ಒಂದು ವರ್ಷ ದೊಡ್ಡವನಾದ ಅಣ್ಣ ಮೋಹನ, ಮತ್ತು ನಾನು. ನಮ್ಮಿಬ್ಬರಿಗೆ ಸೇರಿ ಮನೆಯಲ್ಲಿದ್ದದ್ದು ಒಂದೇ ಸೈಕಲ್ಲು. ಒಬ್ಬರಿಗೆ ಅದು, ಇನ್ನೊಬ್ಬರಿಗೆ ಮೂಲೆಯಂಗಡಿಯ ಬಾಡಿಗೆ ಸೈಕಲ್ಲು.

ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಅದರ ತುಂಬ ರೂಟುಗಳು. ‘ಅರೆಕೆರೆ, ಗೊಟ್ಟಿಗೆರೆ, ಬನ್ನೇರುಘಟ್ಟ: ನೆರಳು ಇದೆ, ನಾಯಿ ಕಾಟ.’ ‘ಕೆಂಗೇರಿ ದಾರಿ: ಲಾರಿ ಜಾಸ್ತಿ, ಬಾವಿ ನೀರು ಸಿಹಿ.’ ಎಲ್ಲಕ್ಕೂ ಮೇಲೆ, ಮೊದಲ ಪುಟದಲ್ಲಿ, ಕೆಂಪು ಇಂಕಿನಲ್ಲಿ ಒಂದು ಕಟ್ಟಪ್ಪಣೆ: ‘ಬಿಸಿಲು ಬೆನ್ನಿಗಿರಬೇಕು.’ ಬೆಳಿಗ್ಗೆ ಪಶ್ಚಿಮಕ್ಕೆ ಹೊರಡಬೇಕು, ಸಂಜೆ ಪೂರ್ವಕ್ಕೆ ತಿರುಗಬೇಕು. ಬಿಸಿಲು ಮುಖಕ್ಕೆ ಹೊಡೆದರೆ ಅರ್ಧ ಶಕ್ತಿ ಕಣ್ಣು ಕಿರಿದು ಮಾಡುವುದರಲ್ಲೇ ಹೋಗುತ್ತದೆ ಎನ್ನುವುದು ಅವರ ಸಿದ್ಧಾಂತ. ಏಕಾದಶಿ ತಪ್ಪಿದರೂ ತಪ್ಪೀತು, ಈ ನಿಯಮ ತಪ್ಪುತ್ತಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಅಲ್ಲಿಂದ ರಗಳೆ ಶುರು.

ಕಾಲೇಜಿದ್ದದ್ದು ಮೆಜೆಸ್ಟಿಕ್ಕಿನ ಹತ್ತಿರ, ಎರಡು ಬಸ್ಸು ಬದಲಿಸಬೇಕು. ಅಣ್ಣ ಆಗಲೇ ಒಂದು ವರ್ಷದಿಂದ ಹಾಗೆ ಹೋಗಿ ಸುಸ್ತಾಗಿದ್ದ. ಈ ವರ್ಷ ಸೈಕಲ್ಲು ತನಗೇ ಎಂದು ಖಾತ್ರಿ ಮಾಡಿಕೊಂಡಿದ್ದ. ನನ್ನ ವಿಷಯಕ್ಕೆ ಬಂದರೆ, ಅಪ್ಪನ ಅಮ್ಮ, ಅಂದರೆ ನಮ್ಮಜ್ಜಿ, ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟಾಗಿತ್ತು.

“ಹೆಣ್ಣುಮಗು ಬಸ್ಸಲ್ಲಿ ನೂಕಾಡ್ಕೊಂಡು ಹೋಗೋದೇನೂ ಬೇಡ. ಓದಿದ್ದು ಸಾಕು. ಮನೇಲಿ ಹೊಲಿಗೆ ಕಲೀಲಿ.”

“ಬಸ್ಸು ಬೇಡ ಅಜ್ಜಿ, ಸೈಕಲ್ಲಲ್ಲಿ ಹೋಗ್ತೀನಿ” ಅಂದೆ.

“ಅಷ್ಟು ದೂರ ತುಳಿಯೋ ಶಕ್ತಿ ಎಲ್ಲಿದೆ ನಿಂಗೆ? ಏರು ಬಂದ ಕಡೆಯೆಲ್ಲ ಇಳಿದು ತಳ್ತೀಯಂತೆ. ಮೋಹನನೇ ಹೇಳ್ತಾನೆ.”

ಹೌದು, ಹೇಳುತ್ತಿದ್ದ. ಅಣ್ಣ ನನಗಿಟ್ಟ ಹೆಸರೇ ‘ತಳ್ಳುಗಾಡಿ’. ಆ ಹೆಸರು ಸುಳ್ಳೂ ಅಲ್ಲ, ಅದೇ ನನ್ನ ಸಿಟ್ಟು.

ಕಗ್ಗಲೀಪುರ ದಾಟಿ ಬಲಕ್ಕೆ ಹೊರಳಿದರೆ ಗುಡ್ಡ ಹತ್ತಿ ಇಳಿಯುವ ಒಂದು ರಸ್ತೆಯಿತ್ತು. ನೆತ್ತಿಯಲ್ಲಿ ಒಂದು ಹುಣಸೆಮರ. ಹುಣಸೆಮರದ ಏರು ಅನ್ನುವುದು ನಮ್ಮ ಮನೆಯವರಿಟ್ಟ ಹೆಸರು. ಅಣ್ಣ ಹಿಂದಿನ ತಿಂಗಳಷ್ಟೇ ಅದನ್ನು ಇಳಿಯದೆ ಹತ್ತಿ, ಮನೆಗೆ ಬಂದು ಎರಡು ದಿನ ಮೀಸೆ ತಿರುವಿದ್ದ. (ಮೀಸೆ ಇನ್ನೂ ಬಂದಿರಲಿಲ್ಲ.) ಅಜ್ಜಿ ಅದನ್ನೇ ಹಿಡಿದುಕೊಂಡರು. “ಮೋಹನ ಹತ್ತಿದ ಏರನ್ನ ಅವಳೂ ಕಾಲೂರದೆ ಹತ್ತಲಿ. ಮೋಹನನೇ ಸಾಕ್ಷಿ ಹೇಳ್ಬೇಕು. ಹತ್ತಿದ್ರೆ ಸೈಕಲ್ಲು ಅವಳಿಗೆ, ಕಾಲೇಜಿಗೂ ಹೋಗ್ಲಿ. ಇಲ್ದಿದ್ರೆ ಇನ್ನು ಆ ಮಾತೇ ಬೇಡ.”

ಅಪ್ಪ ಅಜ್ಜಿಗೆ ಎದುರಾಡಿದ್ದನ್ನು ನಾನು ಕಂಡೇ ಇಲ್ಲ. ಅವತ್ತೂ ಅಷ್ಟೇ. “ಆಯ್ತಮ್ಮ” ಅಂದರು.

ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟು ಬಂತು. ನನ್ನ ಪರವಾಗಿ ಒಂದು ಮಾತಾಡಬಾರದಿತ್ತೇ?

ಆ ಭಾನುವಾರ ಬೆಳಗಾಗುವ ಮುಂಚೆ ಹೊರಟೆವು. ಲಂಗದೊಳಗೆ ಅಣ್ಣನ ಹಳೆಯ ಪ್ಯಾಂಟು ಹಾಕಿಕೊಂಡಿದ್ದೆ. ಬೀದಿ ತಿರುಗಿದ ಮೇಲೆ ಲಂಗ ಬಿಚ್ಚಿ ಕ್ಯಾರಿಯರಿಗೆ ಸಿಕ್ಕಿಸಿದೆ. ಬನಶಂಕರಿಯ ಹತ್ತಿರ ನಾನು ಅಭ್ಯಾಸಬಲದಿಂದ ಕನಕಪುರ ರಸ್ತೆಗೆ ತಿರುಗಿದರೆ, ಅಪ್ಪ ಹಿಂದಿನಿಂದ ಕೂಗಿದರು. “ಈ ಕಡೆ ಬಾ. ಕೆಂಗೇರಿ ಮೇಲೆ ಹೋಗೋಣ. ಆ ಗುಡ್ಡದ ಆಚೆ ಊರಲ್ಲಿ ನಮ್ಮ ಆಫೀಸಿನೋರಿಗೆ ಒಂದು ಪುಸ್ತಕ ಕೊಡೋದಿದೆ.”

ಹತ್ತು ಮೈಲಿಯ ಸುತ್ತು. ಗುಡ್ಡವನ್ನು ಬಳಸಿ ಅದರ ಬೆನ್ನಿಗೆ ಹೋಗುವ ದಾರಿ. ಆ ಊರು ಸೇರಿದರೆ ಆಫೀಸಿನವರ ಮನೆಗೆ ಬೀಗ. ಅಪ್ಪನಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ನೀರಿನಲ್ಲಿ ಅದ್ದಿ ನನ್ನ ತಲೆಗೆ ಸುತ್ತಿದರು. “ಇಲ್ಲಿಂದಲೇ ಹತ್ತು” ಅಂದರು.

ಪೂರ್ವಕ್ಕೆ ಮುಖ. ಏಳೂವರೆ ಎಂಟರ ಬಿಸಿಲು ನೇರ ಕಣ್ಣಿಗೆ. ಅಪ್ಪನೇ ಕೆಂಪು ಇಂಕಿನಲ್ಲಿ ಬರೆದ ನಿಯಮ, ನನ್ನ ಪರೀಕ್ಷೆಯ ದಿನವೇ ತಪ್ಪಿಹೋಯಿತಲ್ಲ ಎಂದು ಅಳು ಬಂತು. ತುಳಿದೆ. ತೊಡೆ ನಡುಗಿತು, ಗಂಟಲು ಒಣಗಿತು, ತುಳಿದೆ. ಅಣ್ಣ ಬಾಡಿಗೆ ಸೈಕಲ್ಲಿನಲ್ಲಿ ಪಕ್ಕದಲ್ಲೇ ಬರುತ್ತಿದ್ದ, ಒಂದು ಸಲವೂ ತಳ್ಳುಗಾಡಿ ಅನ್ನಲಿಲ್ಲ. ಕಣ್ಣು ಬಿಟ್ಟು ನೋಡಿದಾಗ ಹುಣಸೆಮರ ತಲೆಯ ಮೇಲಿತ್ತು.

ಮನೆಯಲ್ಲಿ ಅಜ್ಜಿ ಅಣ್ಣನನ್ನು ಕೂರಿಸಿಕೊಂಡು ಕೇಳಿದರು. ಅಣ್ಣ ಹೇಳಿದ್ದು ಇಷ್ಟೇ. “ಹತ್ತಿದ್ಲು ಅಜ್ಜಿ. ಕಾಲೇ ಊರಲಿಲ್ಲ.”

ಸೈಕಲ್ಲು ನನ್ನದಾಯಿತು. ಕಾಲೇಜು ಮುಗಿಸಿದೆ, ಮೇಷ್ಟರಾದೆ, ನಿಮ್ಮ ತಲೆ ತಿನ್ನುವ ಅಂಕಣಕಾರ್ತಿಯಾದೆ. ಎಲ್ಲ ಕಡೆಯೂ ಈ ಏರಿನ ಕಥೆ ಹೇಳಿದೆ. “ಬಿಸಿಲಿಗೆ ಮುಖ ಕೊಟ್ಟು ಹತ್ತಿದೆ, ಅಪ್ಪ ಜೀವನದಲ್ಲಿ ಮಾಡಿದ ಒಂದೇ ರೂಟಿನ ತಪ್ಪು ಅದು” ಎಂದು ನಗಿಸಿದೆ. ಅಪ್ಪನ ಎದುರೇ ಎಷ್ಟೋ ಸಲ ಹೇಳಿದ್ದೇನೆ. ಅವರು “ಹೌದಮ್ಮ, ತಪ್ಪಾಯ್ತು” ಅನ್ನುತ್ತಿದ್ದರು. ಕೊನೆಯವರೆಗೂ ಹಾಗೇ ಅಂದರು. ಅವರು ಹೋಗಿ ಹನ್ನೆರಡು ವರ್ಷವಾಯಿತು.

ಈಗ ಲಿಫ್ಟಿನ ಹತ್ತಿರ ವಾಪಸ್ ಬನ್ನಿ.

ನನ್ನ ಬಡಾಯಿ ಕೇಳಿ ಸುಷ್ಮಾ ಅವತ್ತು ತನ್ನ ಗ್ರೂಪನ್ನು ಅದೇ ಏರಿಗೆ ಕರೆದುಕೊಂಡು ಹೋಗಿದ್ದಳು. ಹುಣಸೆಮರ ಇಲ್ಲವಂತೆ, ಏರು ಹಾಗೇ ಇದೆಯಂತೆ. ಅವಳ ಫೋನಿನಲ್ಲಿ ಆ ರಸ್ತೆಯ ಚಿತ್ರ ಬಂದಿತ್ತು. ಎಲ್ಲಿ ಎಷ್ಟು ಎತ್ತರ ಅಂತ ತೋರಿಸುವ ಒಂದು ಗೆರೆ. (ಈಗಿನವರು ಏದುಸಿರನ್ನೂ ಫೋನಿಗೇ ಒಪ್ಪಿಸುತ್ತಾರೆ.) ಕಗ್ಗಲೀಪುರದ ಕಡೆಯಿಂದ ಆ ಗೆರೆ ಗೋಡೆಯ ಹಾಗೆ ಎದ್ದಿತ್ತು. ಆಚೆ ಕಡೆಗೆ ನಿಧಾನವಾಗಿ, ಉದ್ದಕ್ಕೆ ಇಳಿದಿತ್ತು.

“ನೀವು ಯಾವ ಕಡೆಯಿಂದ ಹತ್ತಿದ್ರಿ ಆಂಟಿ?”

“ಕೆಂಗೇರಿ ಮೇಲೆ ಹೋಗಿ, ಆಚೆ ಕಡೆಯಿಂದ.”

ಸುಷ್ಮಾ ಒಳ್ಳೆಯ ಹುಡುಗಿ. ನಗು ತಡೆದುಕೊಂಡಳು. “ಓ, ಆ ಕಡೆಯಿಂದಾನಾ? ಆ ಕಡೆ ಸ್ವಲ್ಪ ಈಸಿ ಆಂಟಿ. ಇನ್ಮೇಲೆ ಹೊಸಬರನ್ನ ಅಲ್ಲಿಂದಲೇ ಹತ್ಸೋಣ ಅಂತ ಇವತ್ತು ಮಾತಾಡ್ಕೊಂಡ್ವಿ.”

ಮನೆಯೊಳಗೆ ಬಂದು ಕೂತೆ. ಆ ಗೆರೆ ಎಲ್ಲೋ ನೋಡಿದ ಹಾಗಿತ್ತು. ನೋಡಿರದೆ ಏನು? ಅಪ್ಪ ಕಚೇರಿಯಲ್ಲಿ ವರ್ಷಗಟ್ಟಲೆ ಬರೆದದ್ದು ಇಂಥವೇ ಗೆರೆಗಳನ್ನು. ರಸ್ತೆಯ ಯಾವ ಕಡೆ ಕಡಿದು, ಯಾವ ಕಡೆ ಸಲೀಸು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕುಮಾರಸ್ವಾಮಿ ಲೇಔಟಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣ, ಆ ಏರು... ನಿಂಗೆ ಗೊತ್ತಿತ್ತಾ?”

“ಅಂತೂ ಗೊತ್ತಾಯ್ತಾ? ಇಳಿಯೋವಾಗ ಉದ್ದಕ್ಕೂ ಎರಡೂ ಬ್ರೇಕ್ ಒತ್ತಿಕೊಂಡು ಬಂದ್ಯಲ್ಲೇ. ನಾನು ಹತ್ತಿದ್ದು ಆ ಕಡೆಯಿಂದ ಅಂತ ಆಗ್ಲೂ ಹೊಳೀಲಿಲ್ವಾ ನಿಂಗೆ?”

ಹೊಳೆಯಲಿಲ್ಲ. ಗೆದ್ದ ಅಮಲು.

“ಹಿಂದಿನ ದಿನ ಅಪ್ಪ ನನ್ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ ಹೇಳಿದ್ರು” ಅಂದ ಅಣ್ಣ. “‘ಸೈಕಲ್ ಸಿಗ್ಲಿಲ್ಲ ಅಂದ್ರೆ ನೀನು ಬಸ್ಸಲ್ಲಿ ಹೋಗ್ತೀಯ. ಅವಳು ಎಲ್ಲೂ ಹೋಗಲ್ಲ. ಅಜ್ಜಿ ಕೇಳಿದ್ರೆ ಸುಳ್ಳು ಹೇಳ್ಬೇಡ, ಕಂಡದ್ದಷ್ಟೇ ಹೇಳು’ ಅಂದ್ರು. ಕಂಡದ್ದಷ್ಟೇ ಹೇಳ್ದೆ.”

ಎರಡು ಬಸ್ಸು ಬದಲಿಸಿಕೊಂಡು, ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದ ಅಣ್ಣ ನೆನಪಾದ. ನಾನು ಬೆಲ್ಲು ಬಾರಿಸಿಕೊಂಡು ಆ ಬಸ್ಸನ್ನು ಹಿಂದೆ ಹಾಕಿದ ದಿನಗಳೂ ನೆನಪಾದವು. ನನಗೆ ನಾಚಿಕೆಯಾಯಿತು. ಅತ್ತುಬಿಟ್ಟೆ ಕೂಡ.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ನೀನು ಪ್ರತಿ ಸಲ ಹೇಳೋವಾಗ್ಲೂ ಆ ಏರು ಇನ್ನೊಂದಷ್ಟು ಎತ್ತರ ಆಗ್ತಿತ್ತು. ಅಪ್ಪ ಕೇಳ್ಕೊಂಡು ಖುಷಿಪಡ್ತಿದ್ರು. ಮಧ್ಯದಲ್ಲಿ ನಾನ್ಯಾಕೆ ಇಳಿಸ್ಲಿ ಅಂತ ಸುಮ್ನಿದ್ದೆ.”

ಈ ಭಾನುವಾರ ನಾನು, ಅಣ್ಣ ಇಬ್ಬರೂ ಆ ಏರಿಗೆ ಹೋಗುತ್ತಿದ್ದೇವೆ. ಅಣ್ಣ ಕಾರಿನಲ್ಲಿ, ನಾನು ಸುಷ್ಮಾಳಿಂದ ಕಡ ತಂದ ಸೈಕಲ್ಲಿನಲ್ಲಿ, ಕಗ್ಗಲೀಪುರದ ಕಡೆಯಿಂದ, ಬಿಸಿಲು ಬೆನ್ನಿಗಿಟ್ಟುಕೊಂಡು. ಈ ಮಂಡಿಯಲ್ಲಿ ತುಳಿದು ಹತ್ತುವ ಮಾತಿಲ್ಲ, ಬುಡದಲ್ಲೇ ಇಳಿದು ನೆತ್ತಿಯವರೆಗೂ ತಳ್ಳುತ್ತೇನೆ. ಅಣ್ಣ ಹಿಂದಿನಿಂದ ಗಂಟಲು ಹರಿಯುವ ಹಾಗೆ ‘ತಳ್ಳುಗಾಡಿ’ ಅಂತ ಕೂಗಲಿ.

ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವನಿಗೆ ಅಷ್ಟೂ ಬೇಡವೇ?