ಸವಣೂರಿನ ಎಲೆ ದಿಲ್ಲಿಗೆ ಎಷ್ಟು ತಾಸು?

ಹುಬ್ಬಳ್ಳಿಯಿಂದ ದಿಲ್ಲಿಗೆ ಆಕಾಶದ ದಾರಿ ಸುಮಾರು ಸಾವಿರದ ಐನೂರು ಕಿಲೋಮೀಟರು, ಎರಡೂವರೆ ತಾಸು. ಫೋನಿನಲ್ಲಿ ನಾನೇ ನೋಡಿದ್ದೆ. ಅದನ್ನು ನಂಬಿ, ಸವಣೂರಿನ ನಮ್ಮ ತೋಟದಲ್ಲಿ ಹೊತ್ತು ಮೂಡುವಾಗ ಕೊಯ್ದ ಐನೂರು ವೀಳ್ಯದೆಲೆಗಳನ್ನು ಸಂತೆಗೆ ಒಯ್ಯುವ ಹಾಗೆ ನೀರು ಚಿಮುಕಿಸಿ, ಬಾಳೆಎಲೆಯಲ್ಲಿ ಬಿಗಿಯಾಗಿ ಸುತ್ತಿ ಬುಟ್ಟಿಗಿಟ್ಟೆ.

ಮರುದಿನ ದಿಲ್ಲಿಯಲ್ಲಿ ನನ್ನ ತಮ್ಮನ ಮಗಳು ಸುಧಾಳ ನಿಶ್ಚಯ. ವರನ ಮನೆಯವರು ಮೂಲತಃ ನಮ್ಮ ಕಡೆಯ ತಿಳವಳ್ಳಿಯವರು, ಈಗ ದಿಲ್ಲಿಯಲ್ಲೇ ವ್ಯಾಪಾರ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ವರನ ಅಜ್ಜಿಯದೊಂದೇ ಹಟ. "ಸವಣೂರ ಎಲಿ ಹಸರಾಗಿ ಬಂದ್ರ ವೀಳ್ಯಾ ಹಿಡಿತೇನಿ. ಇಲ್ಲಾಂದ್ರ ಮುಂದಿನ ವರ್ಷ ನೋಡೂಣು" ಎಂದಿದ್ದರಂತೆ. "ಅದೇನ್ ದೊಡ್ಡ ಮಾತು, ನಾ ತರ್ತೇನಿ" ಎಂದು ತಮ್ಮನಿಗೆ ಮಾತು ಕೊಟ್ಟಿದ್ದೆ. ಮೂವತ್ತು ವರ್ಷ ಎಲೆತೋಟ ಮಾಡಿದವಳಿಗೆ ಅಷ್ಟು ಸೊಕ್ಕು ಇರದಿದ್ದರೆ ಹೇಗೆ!

ಎಂಟಕ್ಕೆ ಸವಣೂರು ಬಿಟ್ಟು, ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ಹನ್ನೊಂದಕ್ಕೆ ಹುಬ್ಬಳ್ಳಿ ಮುಟ್ಟಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಬಿಸಿಲು ಚುರುಗುಡುತ್ತಿತ್ತು. ಗಿರಮಿಟ್ಟು, ಮಿರ್ಚಿ ತಿಂದು ವಿಮಾನ ನಿಲ್ದಾಣಕ್ಕೆ ಹೋದೆ. ತಪಾಸಣೆಯವನು "ಇದರಾಗ ಏನೈತ್ರಿ?" ಎಂದ. "ಎಲಿ ಅದಾವ್ರಿ. ಅಡಿಕಿ ನಿಮ್ಮ ಕಡೆ ಐತೇನು?" ಎಂದೆ. ನಕ್ಕು ಬಿಟ್ಟ.

ಒಂದೂವರೆಯ ವಿಮಾನ ಐದೂವರೆಗೆ ಎಂದು ಹೇಳಿದರು. ಬುಟ್ಟಿಯೊಳಗೆ ಕೈಯಿಟ್ಟೆ; ಬೆಚ್ಚಗಿತ್ತು. ಒದ್ದೆ ಎಲೆಯನ್ನು ಬಿಗಿಯಾಗಿ ಕಟ್ಟಿದರೆ ಬೆವರಿ ಕೊಳೆಯುತ್ತದೆ. ದೂರಕ್ಕೆ ಒಯ್ಯುವುದಾದರೆ ಸಡಿಲ ಕಟ್ಟಿ, ನಡುನಡುವೆ ಬಿಚ್ಚಿ ಮೇಲಿನದು ಕೆಳಗಾಗುವಂತೆ ಹೊಳ್ಳಿಸಬೇಕು. ನಾನು ಆಕಾಶದ ತಾಸನ್ನಷ್ಟೇ ಎಣಿಸಿದ್ದೆ. ನಾಚಿಕೆ ಬಿಟ್ಟು ನೆಲಕ್ಕೆ ಶಾಲು ಹಾಸಿ, ಎಲೆ ಹರವಿ ಒಂದೊಂದನ್ನೇ ಒರೆಸತೊಡಗಿದೆ.

ಪಕ್ಕದ ಕುರ್ಚಿಯಲ್ಲಿದ್ದ ಮಾಸೂರಿನ ಹೆಣ್ಣುಮಗಳೊಬ್ಬಳು ಕೆಳಗಿಳಿದು ಕೂತಳು. "ಅಕ್ಕಾರ, ನಾನೂ ಹಿಡೀಲೇನ್ರಿ?"

"ಹಿಡೀರಿ. ಮೊದಲ ಕೈ ಒರಸ್ಕೋರಿ. ಕಪ್ಪಾಗಿದ್ದು ಕಂಡ್ರ ತಗದ ಬಿಡ್ರಿ."

ಕೋತಿ ತಾನೂ ಕೆಟ್ಟು ವನವೆಲ್ಲ ಕೆಡಿಸಿತಂತೆ, ಕೊಳೆತ ಎಲೆಯೂ ಅದೇ ಜಾತಿ. ಎರಡು ತಾಸು ಇಬ್ಬರೂ ತಲೆ ಎತ್ತಲಿಲ್ಲ. ಉಳಿದದ್ದನ್ನು ಸಡಿಲವಾಗಿ ಕಟ್ಟಿದೆವು.

ವಿಮಾನ ಎರಡೂವರೆ ತಾಸಿಗೇ ದಿಲ್ಲಿಯಲ್ಲಿ ಇಳಿಸಿತು, ಅದರದೇನೂ ತಪ್ಪಿಲ್ಲ. ಆದರೆ ತಮ್ಮನ ಮನೆಯ ಬಾಗಿಲಿಗೆ ಬಂದಾಗ ಸವಣೂರು ಬಿಟ್ಟು ಹದಿನಾಲ್ಕು ತಾಸಾಗಿತ್ತು. ಮಲಗುವ ಮುಂಚೆ ಮತ್ತೊಮ್ಮೆ ಹೊಳ್ಳಿಸಿದೆ.

ಬೆಳಿಗ್ಗೆ ವರನ ಕಡೆಯವರು ಬಂದರು. ಅಜ್ಜಿ ಮುಂದಿಟ್ಟ ತಟ್ಟೆಯಿಂದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿದು ಕೇಳಿದರು: "ಎಷ್ಟ ತಾಸಿನ ಎಲಿ ಇದು?"

"ಎರಡೂವರಿ ತಾಸ್ರೀ, ವಿಮಾನದಾಗ ಬಂದೈತಿ!" ಎಂದ ತಮ್ಮ.

ಎಲೆಯ ವಿಷಯದಲ್ಲಿ ನನಗೆ ಸುಳ್ಳು ಸೇರದು. "ಇಲ್ರಿ, ನಿನ್ನೆ ಮುಂಜಾನೆ ಕೊಯ್ದದ್ದು. ನಾನ ಬಿಗಿ ಕಟ್ಟಿ ಕೆಡಸಿದ್ದೆ. ಹಾದ್ಯಾಗ ಬಿಚ್ಚಿ ಒರಸಿ ತಂದೇನಿ. ಐನೂರಾಗ ಮುನ್ನೂರ ಉಳದಾವು."

ತಮ್ಮನ ಮುಖ ಕಪ್ಪಿಟ್ಟಿತು. ಸುಧಾ ತಲೆ ತಗ್ಗಿಸಿದಳು. ಆಡಬಾರದ್ದನ್ನು ಆಡಿದೆನೇನೋ ಎಂದು ನನಗೂ ಹೆದರಿಕೆಯಾಯಿತು.

ಅಜ್ಜಿ ಎಲೆಯ ಬೆನ್ನ ಮೇಲೆ ಹೆಬ್ಬೆರಳು ಆಡಿಸಿದರು. "ಒರಸಿದ್ದು ಕಾಣಾಕತ್ತೈತಿ. ನಮ್ಮವ್ವನೂ ಹಿಂಗ ಒರಸ್ತಿದ್ಲು" ಎಂದರು. ಸುಧಾಳನ್ನು ಹತ್ತಿರ ಕರೆದು, ಸೆರಗು ಒಡ್ಡಿಸಿ, ತಟ್ಟೆಯ ಎಲೆಗಳನ್ನೆಲ್ಲ ಅವಳ ಉಡಿಗೆ ಸುರಿದರು. ನನಗೆ ಅಳು ತಡೆಯಲಾಗಲಿಲ್ಲ. ಕೈಯಲ್ಲಿ ಉಳಿದ ಆ ಒಂದು ಎಲೆಗೆ ಸುಣ್ಣ ಹಚ್ಚಿ ಅಜ್ಜಿ ನನ್ನ ಮುಂದೆ ಹಿಡಿದರು.

"ತಗೋರಿ, ಬೀಗತೀ."